ಕೊಲ್ಲಾಪುರದ ಪೋಲಿಷರು, ಹೈಟಿಯ ಪೋಲಿಷರು

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲಕ್ಕೆ ಕೊಲ್ಲಾಪುರದ ಹತ್ತಿರ ಬಿಳಿಯ ಹೆಂಗಸರು, ಮಕ್ಕಳು ನೆಲೆಸಿದ್ದರೆಂದು ನಮ್ಮಜ್ಜ ಹೇಳುತ್ತಿದ್ದರು. ಇಂಗ್ಲಿಷರಲ್ಲ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಯಾರವರು? ಆಮೇಲೆ ತಮ್ಮ ಊರಿಗೆ ಮರಳಿದರೇ?
– ಓದುಗರೊಬ್ಬರು, ನಿಪ್ಪಾಣಿ

ಉತ್ತರ: ಪೋಲೆಂಡಿನವರು. 1939ರ ಸೆಪ್ಟೆಂಬರಿನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಆ ದೇಶವನ್ನು ಹಂಚಿಕೊಂಡರು. ಪೂರ್ವ ಭಾಗದ ಕುಟುಂಬಗಳನ್ನು 1940–41ರಲ್ಲಿ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯ, ಕಜಕಸ್ತಾನಗಳಿಗೆ ಅಟ್ಟಲಾಯಿತು. ಹಿಟ್ಲರ್ ತನ್ನ ಮೇಲೇ ಬಿದ್ದಾಗ ಸ್ಟಾಲಿನ್ ಇವರನ್ನು ಬಿಡುಗಡೆ ಮಾಡಿದ. ಪೋಲೆಂಡಿನ ಜನರಲ್ ಆಂಡರ್ಸ್ ಕಟ್ಟಿದ ಸೈನ್ಯದ ಜೊತೆ ಸಾವಿರಾರು ಮಂದಿ 1942ರಲ್ಲಿ ಇರಾನ್ ತಲುಪಿದರು. ಸೈನಿಕರು ಯುದ್ಧಕ್ಕೆ ಹೋದರು. ಹೆಂಗಸರು, ಮಕ್ಕಳು ಭಾರತ, ಪೂರ್ವ ಆಫ್ರಿಕ, ಮೆಕ್ಸಿಕೊ, ನ್ಯೂಜಿಲೆಂಡುಗಳಿಗೆ ಚದುರಿದರು. ಅನಾಥ ಮಕ್ಕಳಿಗೆ ಜಾಮ್‌ನಗರದ ಬಳಿಯ ಬಾಲಾಚಡಿಯಲ್ಲಿ ಆಸರೆ ಕೊಟ್ಟವರು ಅಲ್ಲಿನ ಮಹಾರಾಜ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ. ವಾರ್ಸಾದಲ್ಲಿ ಇಂದು ಅವರ ನೆನಪಿಗೊಂದು ಚೌಕವಿದೆ.

ನಿಮ್ಮಜ್ಜ ಹೇಳಿದ್ದು 1943ರಲ್ಲಿ ಶುರುವಾದ ವಳಿವಡೆ ಶಿಬಿರ. ಅಲ್ಲಿ ಸುಮಾರು 5,000 ಜನರಿದ್ದರು. ಶಿಬಿರವೆಂದರೆ ಬರೀ ಗಂಜಿಕೇಂದ್ರವೆಂದುಕೊಳ್ಳಬೇಡಿ. ಶಾಲೆ, ಚರ್ಚು, ಸ್ಕೌಟ್ ದಳ, ನಾಟಕ ಎಲ್ಲವೂ ಪೋಲಿಷ್ ಭಾಷೆಯಲ್ಲೇ ನಡೆಯುತ್ತಿದ್ದವು.

ಇನ್ನು ಊರಿನ ವಿಷಯ. ಅವರ ಹಳ್ಳಿಗಳು ಯುದ್ಧಾನಂತರ ಸೋವಿಯತ್ ಒಕ್ಕೂಟಕ್ಕೆ ಸೇರಿಹೋದವು. ಗೆದ್ದವರ ಕಡೆ ನಿಂತು ಹೋರಾಡಿಯೂ ಮನೆ ಕಳೆದುಕೊಂಡವರು ಇವರು. ಹಲವರು ಬ್ರಿಟನ್, ಆಸ್ಟ್ರೇಲಿಯ, ಕೆನಡ, ಅಮೆರಿಕಗಳಿಗೆ ಹೋದರು. 1948ರಲ್ಲಿ ಶಿಬಿರ ಮುಚ್ಚಿತು. ಆ ಜಾಗಕ್ಕೆ ದೇಶವಿಭಜನೆಯ ಸಿಂಧಿ ನಿರಾಶ್ರಿತರು ಬಂದರು. ಈಗಿನ ಗಾಂಧಿನಗರ ಅದೇ.

ಪ್ರಶ್ನೆ: ಹೈಟಿಯಲ್ಲಿ ಪೋಲಿಷ್ ಮೂಲದ ಕಪ್ಪು ಜನರಿದ್ದಾರಂತೆ. ನಿಜವೇ?
– ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಜ. ತಮ್ಮ ದೇಶದ ಸ್ವಾತಂತ್ರ್ಯದ ಆಸೆಯಿಂದ ನೆಪೋಲಿಯನ್ನನ ಸೈನ್ಯ ಸೇರಿದ ಸುಮಾರು 5,000 ಪೋಲಿಷರನ್ನು ಅವನು 1802–03ರಲ್ಲಿ ಗುಲಾಮರ ದಂಗೆ ಅಡಗಿಸಲು ಅಲ್ಲಿಗೆ ಕಳಿಸಿದ. ಬಹುಪಾಲು ಮಂದಿ ಹಳದಿ ಜ್ವರಕ್ಕೂ ಯುದ್ಧಕ್ಕೂ ಬಲಿಯಾದರು. ಕೆಲವರು ಗುಲಾಮರ ಪಕ್ಷ ಸೇರಿದರು; ಎಲ್ಲರೂ ಸೇರಿದರೆಂಬುದು ದಂತಕಥೆ. ದಂಗೆ ಗೆದ್ದ ಮೇಲೆ ಬಿಳಿಯರಿಗೆ ಆಸ್ತಿಹಕ್ಕು ನಿಷೇಧಿಸಿದ ಹೈಟಿಯ 1805ರ ಸಂವಿಧಾನ ಪೋಲಿಷರಿಗೂ ಜರ್ಮನರಿಗೂ ವಿನಾಯಿತಿ ಕೊಟ್ಟಿತು. ಕಜಾಲ್ ಎಂಬ ಊರಿನವರು ಇಂದಿಗೂ ಆ ವಂಶ ಹೇಳಿಕೊಳ್ಳುತ್ತಾರೆ.

ಪ್ರಶ್ನೆ: ನನ್ನ ಬ್ರೆಜಿಲ್ ಸಹೋದ್ಯೋಗಿಯ ಅಡ್ಡಹೆಸರು ‘ಸ್ಕಿ’ ಎಂದು ಮುಗಿಯುತ್ತದೆ. ಪೋಲಿಷ್ ಒಂದಕ್ಷರವೂ ಬಾರದು. ಅವನಿಗೆ ಪೋಲೆಂಡಿನ ಪೌರತ್ವ ಸಿಕ್ಕೀತೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅವನ ಪೂರ್ವಜರು ಪರಾನಾ ರಾಜ್ಯದ ರೈತರಿದ್ದಿರಬಹುದು. 1890ರ ದಶಕದಲ್ಲಿ ಭೂಮಿ ಸಿಗುತ್ತದೆಂಬ ಸುದ್ದಿಗೆ ಹಳ್ಳಿಹಳ್ಳಿಗಳೇ ಹಡಗು ಹತ್ತಿದ್ದವು. ಆಗ ನಕ್ಷೆಯಲ್ಲಿ ಪೋಲೆಂಡೇ ಇರಲಿಲ್ಲ. ರಷ್ಯ, ಆಸ್ಟ್ರಿಯ, ಜರ್ಮನಿಗಳು ಅದನ್ನು ಹರಿದು ಹಂಚಿಕೊಂಡಿದ್ದವು. ದಾಖಲೆಗಳಲ್ಲಿ ಮುತ್ತಜ್ಜ ರಷ್ಯದವನೋ ಆಸ್ಟ್ರಿಯದವನೋ ಆಗಿರುವುದೇ ಹೆಚ್ಚು. ಭಾಷೆ ಹೋದದ್ದಕ್ಕೆ ಅವನನ್ನು ದೂರಬೇಡಿ. ಬ್ರೆಜಿಲಿನ ವರ್ಗಾಸ್ ಸರ್ಕಾರ 1938ರಲ್ಲಿ ವಲಸಿಗರ ಭಾಷೆಯ ಶಾಲೆಗಳನ್ನೇ ಮುಚ್ಚಿಸಿತು.

ಮುತ್ತಜ್ಜ 1920ರ ಪೌರತ್ವ ಕಾನೂನಿಗೆ ಮೊದಲೇ ಹೊರಟಿದ್ದರೆ ಪೌರತ್ವ ಕಷ್ಟ. ಪೋಲಿಷ್ ಮೂಲದವರಿಗೆ ಕೊಡುವ ‘ಕಾರ್ತಾ ಪೊಲಾಕಾ’ ಎಂಬ ಗುರುತುಚೀಟಿಗೆ ಯತ್ನಿಸಬಹುದು. 2019ರಿಂದ ಅದು ಎಲ್ಲ ದೇಶದವರಿಗೂ ಮುಕ್ತ. ಆದರೆ ಅದು ಪೌರತ್ವವಲ್ಲ, ಅಲ್ಪಸ್ವಲ್ಪವಾದರೂ ಪೋಲಿಷ್ ಬರಲೇಬೇಕು. ಚರ್ಚಿನ ಹಳೆಯ ದಾಖಲೆ ಹುಡುಕುತ್ತಲೇ ಭಾಷಾತರಗತಿಗೂ ಸೇರಲು ಹೇಳಿ.