ಮನೆಯ ಶೆಡ್ಡಿನಲ್ಲಿ ವೆಲ್ಡಿಂಗ್: ಮಳೆ ನಿಂತ ಮೇಲೆ ಶುರುಮಾಡಿ

ಗೇಟಿನ ತಿರುಗಣಿ ಕಿತ್ತುಬಂದರೆ ಜೋಯಿಡಾದ ಹಳ್ಳಿಯವರು ದಾಂಡೇಲಿಗೋ ಹಳಿಯಾಳಕ್ಕೋ ಹೊತ್ತುಕೊಂಡು ಹೋಗಬೇಕು, ಫ್ಯಾಬ್ರಿಕೇಶನ್ ಅಂಗಡಿಯವರ ಬಿಡುವಿಗೆ ಕಾಯಬೇಕು. ಇಂಥದ್ದನ್ನು ಮನೆಯಲ್ಲೇ ಮಾಡಿಕೊಂಡರೇನು ಎಂಬ ಆಸೆ ಅಲ್ಲೇ ಹುಟ್ಟುತ್ತದೆ. ಮಾಡಿಕೊಳ್ಳಬಹುದು. ಆದರೆ ನಮ್ಮ ಸೀಮೆಯಲ್ಲಿ ಈ ಹವ್ಯಾಸಕ್ಕೆ ಎರಡು ಕಂಟಕಗಳಿವೆ: ಮಳೆಗಾಲದ ತೇವ, ಸುಗ್ಗಿಯ ಒಣಹುಲ್ಲು.

ಹಂತ 1: ಜಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡ. ಒದ್ದೆ ನೆಲ, ಒದ್ದೆ ಗ್ಲೌಸ್, ಕೈಯಲ್ಲಿ ಕರೆಂಟು: ಇವು ಒಟ್ಟಿಗೆ ಸೇರಬಾರದು. ದೀಪಾವಳಿ ಹೊತ್ತಿಗೆ ಶುರುಮಾಡಿದರೆ ಸರಿ. ಅಷ್ಟರಲ್ಲಿ ಮುಂಡಗೋಡ, ಹಳಿಯಾಳದ ಕಡೆ ಭತ್ತದ ಹುಲ್ಲು ಮನೆಗೆ ಬರುತ್ತದೆ. ಕಿಡಿ ಹತ್ತು ಮೀಟರ್ ದೂರಕ್ಕೂ ಹಾರುತ್ತದೆ. ಹಾಗಾಗಿ ಬಣವೆ, ಸೌದೆ, ತರಗೆಲೆ, ಬೈಕು ಯಾವುದೂ ಹತ್ತಿರ ಇರಬಾರದು. ಹಂಚಿನ ಮಾಡಿನ ಮರದ ಪಕಾಸಿಗಳನ್ನೂ ಒಮ್ಮೆ ತಲೆಯೆತ್ತಿ ನೋಡಿ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ.

ಹಂತ 2: ಸಾಮಾನು

ಮೊದಲು ಕೊಳ್ಳಬೇಕಾದ್ದು ಮಷೀನಲ್ಲ, ಹೆಲ್ಮೆಟ್. ಗಾಜು 10 ಅಥವಾ 11ನೇ ಶೇಡಿನದು. ಬರಿಗಣ್ಣಿಗೆ ವೆಲ್ಡಿಂಗಿನ ಬೆಳಕು (ಆರ್ಕ್) ಬಿದ್ದರೆ ಆಗ ಏನೂ ಅನ್ನಿಸುವುದಿಲ್ಲ, ರಾತ್ರಿ ಕಣ್ಣಲ್ಲಿ ಮರಳು ಹೊಕ್ಕಂತೆ ಉರಿ ಏಳುತ್ತದೆ. ಮಕ್ಕಳನ್ನು ದೂರವಿಡಿ. ಚರ್ಮದ ಗ್ಲೌಸ್, ಶೂ, ಮೈತುಂಬ ಹತ್ತಿ ಬಟ್ಟೆ ಬೇಕು. ನೈಲಾನ್ ಬಟ್ಟೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ.

ಮಷೀನು 200 ಆಂಪಿಯರಿನ ಸಿಂಗಲ್ ಫೇಸ್ ಇನ್ವರ್ಟರ್ ಸಾಕು. ಟಿವಿ ಪ್ಲಗ್ಗಿಗೆ ಸಿಕ್ಕಿಸಬೇಡಿ. 16 ಆಂಪಿಯರಿನ ಪವರ್ ಪ್ಲಗ್, ಅದಕ್ಕೆ ತಕ್ಕ ದಪ್ಪ ವೈರು, ಎಂಸಿಬಿ, ಸರಿಯಾದ ಅರ್ಥಿಂಗ್ ಇವೆಯೇ ಎಂದು ವೈರ್‌ಮನ್ ಹತ್ತಿರ ಪರೀಕ್ಷೆ ಮಾಡಿಸಿ. ಬಿಲ್ಲಿನ ಭಯ ಬೇಡ: 2.5 ಎಂ.ಎಂ. ರಾಡಿಗೆ ಒಂದು ಗಂಟೆ ಎಡೆಬಿಡದೆ ಆರ್ಕ್ ಉರಿದರೂ ಎರಡು-ಮೂರು ಯೂನಿಟ್ ಅಷ್ಟೇ.

ರಾಡು ಇ 6013, ಗಾತ್ರ 2.5 ಎಂ.ಎಂ. ಪೊಟ್ಟಣ ಒಡೆದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಜೋಯಿಡಾದ ಹವೆಯಲ್ಲಿ ತೆರೆದಿಟ್ಟ ರಾಡು ತೇವ ಹೀರಿ ಬರೀ ಕಿಡಿ ಕಾರುತ್ತದೆ.

ಹಂತ 3: ಗೆರೆ ಎಳೆಯುವುದು

ಗುಜರಿ ಅಂಗಡಿಯಿಂದ 5–6 ಎಂ.ಎಂ. ದಪ್ಪದ ಪಟ್ಟಿ ತನ್ನಿ. ಬಣ್ಣ, ತುಕ್ಕು ಹೋಗಿ ಲೋಹ ಹೊಳೆಯುವಷ್ಟು ಗ್ರೈಂಡರ್ ಹಿಡಿಯಿರಿ. ಅರ್ಥ್ ಕ್ಲ್ಯಾಂಪನ್ನೂ ಆ ಹೊಳೆಯುವ ಜಾಗಕ್ಕೇ ಕಚ್ಚಿಸಿ. ಕರೆಂಟು 70–80 ಆಂಪಿಯರ್. ರಾಡಿನ ತುದಿಯನ್ನು ಪಟ್ಟಿಗೆ ಗೀರಿ, ತುಸು ಎತ್ತಿ ಹಿಡಿಯಿರಿ. ಅಂತರ ರಾಡಿನ ದಪ್ಪದಷ್ಟೇ ಇರಲಿ. ಅಂಟಿಕೊಂಡರೆ ತಿರುಚಿ ಬಿಡಿಸಿ, ಬಿಡದಿದ್ದರೆ ಹೋಲ್ಡರಿನ ಹಿಡಿತ ಸಡಿಲಿಸಿ. ರಾಡನ್ನು ಸ್ವಲ್ಪ ವಾಲಿಸಿ, ನಿಮ್ಮ ಕಡೆಗೆ ನಿಧಾನವಾಗಿ ಎಳೆಯಿರಿ. ಕಾದ ಎಣ್ಣೆಗೆ ಭಜಿ ಬಿಟ್ಟಾಗಿನ ಸದ್ದು ಒಂದೇ ಸಮ ಬಂದರೆ ಕೈ ಕುದುರುತ್ತಿದೆ ಎಂದರ್ಥ. ನೋಡಬೇಕಾದ್ದು ಬೆಳಕನ್ನಲ್ಲ, ಅದರ ಹಿಂದೆ ಕರಗಿ ನಿಂತ ಲೋಹವನ್ನು. ಗೆರೆಯ ಮೇಲೆ ಗಟ್ಟಿಯಾಗುವ ಪದರವನ್ನು (ಸ್ಲ್ಯಾಗ್) ಕುಟ್ಟುವಾಗ ಬಿಳಿ ಕನ್ನಡಕ ಹಾಕಿಕೊಳ್ಳಿ, ಬಿಸಿ ಚೂರು ನೇರ ಕಣ್ಣಿಗೇ ಹಾರುತ್ತದೆ.

ನೂರಾರು ಗೆರೆ ಎಳೆಯುವವರೆಗೆ ಮುಂದೆ ಹೋಗಬೇಡಿ. ಬೇಸರದ ಕೆಲಸವೇ, ಆದರೂ ತಪ್ಪಿಸುವಂತಿಲ್ಲ.

ಹಂತ 4: ಜೋಡಿಸಿ, ಮುರಿಯಿರಿ

ಎರಡು ತುಂಡನ್ನು ಮೂಲೆಯಾಗಿ ನಿಲ್ಲಿಸಿ, ಒಂದೇ ಬದಿಗೆ ವೆಲ್ಡ್ ಮಾಡಿ. ಆರಿದ ಮೇಲೆ ವೈಸಿಗೆ ಸಿಕ್ಕಿಸಿ ಸುತ್ತಿಗೆಯಿಂದ ಬಾಗಿಸಿ ಮುರಿಯಿರಿ. ಒಳಗೆ ತೂತು, ಕಪ್ಪು ಸ್ಲ್ಯಾಗ್ ಕಂಡರೆ ಮೇಲಿನ ಅಂದಕ್ಕೆ ಬೆಲೆಯಿಲ್ಲ.

ಹಂತ 5: ಮೊದಲ ವಸ್ತು

25 ಎಂ.ಎಂ. ಆಂಗಲ್‌ನಲ್ಲಿ ಹೂಕುಂಡದ ಸ್ಟ್ಯಾಂಡ್ ಮಾಡಿ. ತೆಳು ಸ್ಕ್ವೇರ್ ಪೈಪು ಈಗಲೇ ಬೇಡ, ತೂತು ಬೀಳುತ್ತದೆ. ಮೊದಲು ನಾಲ್ಕೂ ಮೂಲೆಗೆ ಚುಕ್ಕಿ ವೆಲ್ಡ್ ಇಟ್ಟು, ಕರ್ಣಗಳೆರಡೂ ಸಮವೇ ಎಂದು ಟೇಪಿನಲ್ಲಿ ಅಳೆಯಿರಿ. ಆರುವ ಲೋಹ ಚೌಕಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಆದ್ದರಿಂದ ಎದುರುಬದುರು ಮೂಲೆಗಳನ್ನು ಸರದಿಯಲ್ಲಿ ಮುಗಿಸಿ.

ಸತು ಲೇಪದ ಜಿಐ ಪೈಪಿನ ಹೊಗೆಯಿಂದ ಚಳಿಜ್ವರ ಬರುತ್ತದೆ, ಅದನ್ನು ಮುಟ್ಟಬೇಡಿ. ಎಣ್ಣೆ, ಪೆಟ್ರೋಲಿನ ಖಾಲಿ ಡ್ರಮ್ ಯಾರೇ ತಂದರೂ ವಾಪಸ್ ಕಳಿಸಿ. ಒಳಗೆ ಉಳಿದ ಆವಿ ಸಿಡಿಯುತ್ತದೆ.

ಕೈ ಹಿಡಿದು ಕಲಿಸುವವರು ಬೇಕಾದರೆ ದಾಂಡೇಲಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ), ಸ್ವ-ಉದ್ಯೋಗ ತರಬೇತಿ ಕೊಡುವ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ ವಿಚಾರಿಸಿ. ಐಟಿಐಗಳಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ್ದು. ದಾಂಡೇಲಿಯ ಪೇಪರ್ ಮಿಲ್ಲಿನಿಂದ ನಿವೃತ್ತರಾದ ಫಿಟ್ಟರೊಬ್ಬರು ನಿಮ್ಮ ಓಣಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಉಯ್ಯಾಲೆ, ಬಾಲ್ಕನಿ ಕಟಕಟೆ, ಟ್ರೇಲರ್ ಕೊಂಡಿಯಂತಹ ಮುರಿದರೆ ಜೀವಕ್ಕೆ ಅಪಾಯ ತರುವ ಕೆಲಸಗಳನ್ನು ಮಾತ್ರ ಕಸುಬಿನವರಿಗೇ ಬಿಡಿ.