ಮೇಕೆದಾಟು: ಕಾವೇರಿ ಕಿರಿದಾಗುವ ಹಾದಿಯಲ್ಲಿ ಒಂದು ದಿನದ ನಡಿಗೆ

ಮೇಕೆದಾಟು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಣೆಕಟ್ಟೆ, 67 ಟಿಎಂಸಿ, ಎರಡು ರಾಜ್ಯಗಳ ಜಗಳ. ಜಾಗವನ್ನು ಕಣ್ಣಾರೆ ಕಂಡವರು, ಅದರಲ್ಲೂ ನಡೆದು ಹೋಗಿ ಕಂಡವರು ಕಡಿಮೆ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಅಗಲವಾಗಿ ಹರಿಯುವ ಕಾವೇರಿ, ಸುಮಾರು 4 ಕಿಲೋಮೀಟರ್ ಕೆಳಗೆ ಬಂಡೆಗಳ ಸೀಳಿನೊಳಗೆ ನುಗ್ಗುತ್ತಾಳೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಈ ದಡದಿಂದ ಆ ದಡಕ್ಕೆ ಹಾರಿ ಜೀವ ಉಳಿಸಿಕೊಂಡಿತಂತೆ. ಅದಕ್ಕೇ ಈ ಹೆಸರು. ವಾಹನದಲ್ಲಿ ಹೋಗಿ ಇಳಿದರೆ ಸೀಳೊಂದು ಕಂಡೀತು. ನಡೆದು ಹೋದರೆ, ಅಷ್ಟು ದೊಡ್ಡ ಹೊಳೆ ಇಷ್ಟು ಕಿರಿದಾದದ್ದು ಹೇಗೆಂದು ಕಾಲಿಗೇ ತಿಳಿಯುತ್ತದೆ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಬಿಸಿಲು ತಡೆಯುವಂತಿರುತ್ತದೆ, ಹೊಳೆಯಲ್ಲಿ ನೀರೂ ಇರುತ್ತದೆ. ಮಾರ್ಚ್ ಕಳೆದರೆ ಹತ್ತು ಗಂಟೆಗೇ ಬಂಡೆ ಕಾದ ಹೆಂಚಾಗುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್, ಕಬಿನಿ ತುಂಬಿ ನೀರು ಬಿಟ್ಟ ದಿನಗಳಲ್ಲಿ ಈ ಕಡೆ ಬರುವ ಯೋಚನೆಯನ್ನೇ ಬಿಡಿ. ಕಂದರದ ಬಂಡೆಗಳೇ ನೀರಿನಡಿ ಹೋಗಿರುತ್ತವೆ. ಶನಿವಾರ, ಭಾನುವಾರ ಜನ ಹೆಚ್ಚು. ಸಾಧ್ಯವಾದರೆ ವಾರದ ದಿನ ಹೋಗಿ.

ತಲುಪುವುದು

ಬೆಂಗಳೂರಿನಿಂದ ಕನಕಪುರ, ದೊಡ್ಡಆಲಹಳ್ಳಿ ಮೇಲೆ ಸಂಗಮಕ್ಕೆ 90ರಿಂದ 100 ಕಿಲೋಮೀಟರ್. ಹಿಪ್ಪುನೇರಳೆ ಮತ್ತು ರಾಗಿಯ ಹೊಲಗಳು ಮುಗಿದ ಮೇಲೆ ರಸ್ತೆ ಕಾಡಿನೊಳಗೆ ಸುತ್ತಿ ಸುತ್ತಿ ಇಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ನಡಿಗೆಗೆ ತಂಪು ಹೊತ್ತು ಸಿಗುತ್ತದೆ. ಬಸ್ಸಿನಲ್ಲಿ ಬರುವವರು ಕನಕಪುರದಲ್ಲೇ ಹಿಂದಿರುಗುವ ಬಸ್ಸಿನ ವೇಳೆ ಕೇಳಿ ಬರೆದುಕೊಳ್ಳಲಿ. ತಿಂಡಿಯನ್ನೂ ಅಲ್ಲೇ ಮುಗಿಸಿ.

ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ನೆಲ. ಆನೆ ಓಡಾಡುವ ಕಾಡು. ಆ ದಿನ ನಡೆದು ಹೋಗಲು ಬಿಡುತ್ತಾರೆಯೇ, ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂಬುದನ್ನು ಸಂಗಮದಲ್ಲಿ ಅರಣ್ಯ ಸಿಬ್ಬಂದಿಯನ್ನು ಕೇಳಿಯೇ ಹೆಜ್ಜೆ ಇಡಿ. ಬೇಡ ಎಂದರೆ ವಾದ ಮಾಡಬೇಡಿ, ಬಾಡಿಗೆ ವಾಹನದಲ್ಲಿ ಹೋಗಿ ಬನ್ನಿ.

ಹಾದಿ

ಮೊದಲು ಅರ್ಕಾವತಿಯನ್ನು ದಾಟಬೇಕು. ನೀರಿದ್ದರೆ ತೆಪ್ಪ. "ಕೆಳಗ್ ಕೂತ್ಕಳಿ, ಯಾರೂ ಎದ್ ನಿಂತ್ಕಬೇಡಿ" ಎಂದು ತೆಪ್ಪದಣ್ಣ ಹೇಳಿದ್ದನ್ನು ಅಕ್ಷರಶಃ ಪಾಲಿಸಿ. ಆಚೆ ದಡದಿಂದ ಕಲ್ಲುಮಣ್ಣಿನ ಏರಿಳಿತದ ದಾರಿ. ಕಾವೇರಿ ನಿಮ್ಮ ಬಲಕ್ಕೆ. ಹೊಳೆಯಂಚಿನಲ್ಲಿ ಹೊಳೆಮತ್ತಿ, ಹುಣಸೆ, ಹೊಂಗೆಯ ನೆರಳಿದೆ. ಗುಡ್ಡದ ಕಡೆ ಕುರುಚಲು ಕಾಡು, ನೆರಳು ಕಡಿಮೆ. ಒಂದೂವರೆ ಗಂಟೆ ಇಟ್ಟುಕೊಳ್ಳಿ. ಆಗಾಗ ನಿಂತು ಹೊಳೆ ನೋಡಿ. ನೀರಂಚಿನ ಕಲ್ಲುಗಳ ಮೇಲೆ ನೀರುನಾಯಿಗಳು ಕಂಡರೂ ಕಾಣಬಹುದು. ಮೊಸಳೆಗಳೂ ಇರುವ ಹೊಳೆಯಿದು. ಮುಂದೆ ಸಾಗಿದಂತೆ ಬಂಡೆಗಳು ಎರಡೂ ಕಡೆಯಿಂದ ಒತ್ತಿ ಬರುತ್ತವೆ, ನೀರಿನ ಸದ್ದು ಬದಲಾಗುತ್ತದೆ.

ದಾರಿ ಮುಗಿದಲ್ಲಿಂದ ಕೆಳಗಿಳಿದರೆ ಕಂದರ. ದಿನದ ಕಷ್ಟದ ಭಾಗ ಇದೇ. ಆಳೆತ್ತರದ ಬಂಡೆಗಳನ್ನು ಕೈಯೂರಿ ಹತ್ತಿ, ಕೂತು ಇಳಿಯಬೇಕು. ಮಂಡಿನೋವಿನವರು ಮೇಲೆಯೇ ಕುಳಿತು ನೋಡುವುದು ಲೇಸು.

ಇಲ್ಲಿ ಅವಸರ ಬೇಡ. ನೀರಿನಿಂದ ದೂರವಿರುವ ಒಂದು ಒಣಗುಳಿಯ ಪಕ್ಕ ಕುಳಿತು ಒಳಗೆ ನೋಡಿ. ನಮ್ಮ ಮನೆಯ ಒರಳಿನಷ್ಟೇ ದುಂಡಗಿನ ಕುಳಿ. ತಳದಲ್ಲಿ ನಾಲ್ಕಾರು ಉರುಟು ಕಲ್ಲು. ಒಳಗೋಡೆಯ ಮೇಲೆ ಬೆರಳಾಡಿಸಿದರೆ ರುಬ್ಬಿ ರುಬ್ಬಿ ಸವೆದ ಒರಳಿನದೇ ನುಣುಪು. ನಡೆದಿರುವುದೂ ರುಬ್ಬುವ ಕೆಲಸವೇ. ಪ್ರವಾಹದ ಸುಳಿ ಕಲ್ಲುಗಳನ್ನು ಒಂದೇ ಜಾಗದಲ್ಲಿ ಗಿರಗಿರನೆ ತಿರುಗಿಸುತ್ತದೆ, ಅವು ಬಂಡೆಯನ್ನು ತೇಯುತ್ತವೆ. ಅಕ್ಕಪಕ್ಕದ ಕುಳಿಗಳು ಬೆಳೆದು ಒಂದಕ್ಕೊಂದು ಸೇರಿದಂತೆ ಬಂಡೆ ಒಡೆದು ದಾರಿ ಬಿಡುತ್ತದೆ. ಗಟ್ಟಿಶಿಲೆಯಲ್ಲಿ ಹೊಳೆ ತನ್ನ ದಾರಿ ಕೊರೆದುಕೊಂಡದ್ದು ಹೀಗೆ.

ನೀರಿಗೆ ಇಳಿಯಬೇಡಿ

ಒರಳು ಕಡೆದ ಆ ಸುಳಿಯೇ ಮನುಷ್ಯರನ್ನೂ ಎಳೆಯುತ್ತದೆ. ಮೇಲೆ ಶಾಂತವಾಗಿ ಕಾಣುವ ನೀರಿನಡಿ ಬಂಡೆಯ ಪೊಟರೆಗಳಿವೆ; ಸಿಕ್ಕಿಕೊಂಡವರು ಈಜು ಬಲ್ಲವರಾದರೂ ಮೇಲೆ ಬರುವುದು ಕಷ್ಟ. ಇಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಗೆಳೆಯರ ಜೊತೆ ನಗುತ್ತಾ ಬಂದ ಹುಡುಗರು ಬಹಳ. ಈ ಮಾತನ್ನು ನಿಮ್ಮ ಗುಂಪಿನ ಕಿರಿಯರಿಗೆ ಹೊರಡುವ ಮೊದಲೇ ಹೇಳಿ, ಒಪ್ಪಿಸಿ.

- ನೀರಿನಂಚಿಗಿಂತ ಕನಿಷ್ಠ ಎರಡಾಳು ದೂರದಲ್ಲಿರಿ. ಒದ್ದೆ ಬಂಡೆ, ಪಾಚಿ ಕಟ್ಟಿದ ಬಂಡೆ ಮೆಟ್ಟಬೇಡಿ.
- ಫೋಟೊಗಾಗಿ ಹಿಂದಕ್ಕೆ ಹೆಜ್ಜೆ ಇಡಬೇಡಿ.
- ಮೇಲ್ಗಡೆ ಅಣೆಕಟ್ಟೆಗಳಿವೆ, 1902ರಿಂದ ನಡೆಯುತ್ತಿರುವ ಶಿವನಸಮುದ್ರದ ವಿದ್ಯುದಾಗಾರವಿದೆ. ಇಲ್ಲಿ ಮಳೆಯಿಲ್ಲದಿದ್ದರೂ ಮಟ್ಟ ಏರಬಹುದು. ನೀರು ಕೆಂಪಾದರೆ, ಎಲೆಕಡ್ಡಿ ತೇಲಿ ಬಂದರೆ, ಸದ್ದು ಜೋರಾದರೆ ತಕ್ಷಣ ಮೇಲೆ ಹತ್ತಿ.
- ಮೀಸಲಾಗಿ ಒಬ್ಬರು ಸದಾ ಮೇಲಿನ ಬಂಡೆಯಲ್ಲಿ ನಿಂತು ಹೊಳೆ ಗಮನಿಸುತ್ತಿರಲಿ.

ಕೈಚೀಲದಲ್ಲಿ

ತಲಾ ಮೂರು ಲೀಟರ್ ನೀರು, ಟೋಪಿ, ಹಿಡಿತವಿರುವ ಬೂಟು. ಹವಾಯಿ ಚಪ್ಪಲಿ ಈ ಬಂಡೆಗಳಿಗೆ ಆಗದು. ಮಧ್ಯಾಹ್ನಕ್ಕೆ ಹುಳಿಯನ್ನ ಅಥವಾ ಚಪಾತಿ ಬುತ್ತಿ. ಒಂದಿಷ್ಟು ಬೆಲ್ಲ, ಕಡಲೆಬೀಜ. ಕಾಲು ಉಳುಕಿದರೆ ಕಟ್ಟಲು ಬ್ಯಾಂಡೇಜು. ಕಾಡಿನೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ಹೋಗುವ ಜಾಗ, ಬರುವ ಹೊತ್ತು ಮನೆಯಲ್ಲಿ ತಿಳಿಸಿ. ತಂದ ಪ್ಲಾಸ್ಟಿಕ್ ಎಲ್ಲ ವಾಪಸು ನಿಮ್ಮ ಚೀಲದಲ್ಲೇ ಬರಲಿ. ಆನೆಯ ಹೊಸ ಲದ್ದಿ ಕಂಡರೆ ಗಲಾಟೆ ಮಾಡದೆ ಬಂದ ದಾರಿಯಲ್ಲೇ ಹಿಂದಿರುಗಿ.

ಹಿಂದಿರುಗುವಾಗ

ಮಧ್ಯಾಹ್ನ ಎರಡಕ್ಕೆಲ್ಲ ಕಂದರ ಬಿಡಿ. ಹೊತ್ತು ಇಳಿದ ಮೇಲೆ ಆ ದಾರಿ ಆನೆಗಳದು. ಸಂಗಮಕ್ಕೆ ಬಂದು, ಸಾಲು ಅಂಗಡಿಗಳಲ್ಲಿ ಬಿಸಿಬಿಸಿ ಕರಿದ ಮೀನು ತಿನ್ನುವವರು ತಿನ್ನಲಿ, ಚಹಾ ಸಾಕೆನ್ನುವವರು ಲೋಟ ಹಿಡಿದು ದಡದಲ್ಲಿ ಕುಳಿತುಕೊಳ್ಳಲಿ. ಎದುರಿಗೆ ಬೆಳಿಗ್ಗೆ ನೋಡಿದ್ದ ಅದೇ ಕಾವೇರಿ. ಈ ನೀರೆಲ್ಲ ಆ ಸೀಳಿನಲ್ಲೇ ಹಾದುಹೋಗಬೇಕು. ಬೆಳಿಗ್ಗೆ ಬರೀ ಅಗಲವಾಗಿ ಕಂಡ ಹೊಳೆ, ಸಂಜೆ ಆಳವಾಗಿ ಕಾಣುತ್ತದೆ.