ಟಿವಿ ಬೇಡ ಅಂದ ಊರು

ಊರಿಗೆ ಟಿವಿ ಬರುತ್ತೆ ಅಂದ್ರೆ ಯಾರಾದ್ರೂ ಬೇಡ ಅಂತಾರಾ? ಕೆನಡಾದ ಉತ್ತರ ಭಾಗದಲ್ಲಿರುವ ಇಗ್ಲೂಲಿಕ್ ಎಂಬ ಇನುಯಿಟ್ ಊರು ಬೇಡ ಅಂದಿತ್ತು. ಅದೂ ಎರಡು ಸಲ ಮತ ಹಾಕಿ, 1975 ಮತ್ತು 1979ರಲ್ಲಿ!

ಕಾರಣ ಏನು ನೋಡೋಣ. 1972ರಲ್ಲಿ ಕೆನಡಾ ತನ್ನ ಮೊದಲ ‘ಅನಿಕ್’ ಉಪಗ್ರಹ ಹಾರಿಸಿತು. ಅದರಿಂದ ಹಿಮನಾಡಿನ ಹಳ್ಳಿಗಳಿಗೂ ಟಿವಿ ತಲುಪತೊಡಗಿತು. ಆದರೆ ಬಂದದ್ದು ದಕ್ಷಿಣದ ನಗರಗಳ ಕಾರ್ಯಕ್ರಮ, ಹೆಚ್ಚಿನದೆಲ್ಲ ಇಂಗ್ಲಿಷಿನದು. ಅವರ ಇನುಕ್ಟಿಟುಟ್ ಭಾಷೆಗೆ ಅದರಲ್ಲಿ ಜಾಗವಿರಲಿಲ್ಲ. ಹೀಗಾದರೆ ಮಕ್ಕಳಿಗೆ ಅಜ್ಜಿಯ ಮಾತೇ ಅರ್ಥವಾಗದೆ ಹೋದೀತು ಎಂಬುದು ಹಿರಿಯರ ಭಯ.

ಇನುಯಿಟ್ ಜನ ಸುಮ್ಮನೆ ಕೂರಲಿಲ್ಲ. ಕ್ಯಾಮೆರಾ ಹಿಡಿಯಲು ತಾವೇ ಕಲಿತರು. 1982ರಲ್ಲಿ ಇನುಯಿಟ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಪ್ರಸಾರ ಆರಂಭಿಸಿತು. ಬೇಟೆ, ಊರ ಸುದ್ದಿ, ಹಿರಿಯರ ನೆನಪುಗಳು ಎಲ್ಲವೂ ಇನುಕ್ಟಿಟುಟ್‌ನಲ್ಲೇ ಬಂದವು. ‘ಟಕುಗಿನೈ’ ಕಾರ್ಯಕ್ರಮದಲ್ಲಿ ಗೊಂಬೆಗಳು ಮಕ್ಕಳಿಗೆ ಅಕ್ಷರ ಕಲಿಸಿದವು. ಸ್ವಂತ ಭಾಷೆಯ ಕಾರ್ಯಕ್ರಮ ಸಿಕ್ಕ ಮೇಲೆಯೇ ಇಗ್ಲೂಲಿಕ್ ಟಿವಿಗೆ ಒಪ್ಪಿದ್ದು.

1992ರಲ್ಲಿ ಉತ್ತರದವರಿಗೇ ಮೀಸಲಾದ ‘ಟೆಲಿವಿಷನ್ ನಾರ್ದರ್ನ್ ಕೆನಡಾ’ ಚಾನೆಲ್ ಶುರುವಾಯಿತು. 1999ರಲ್ಲಿ ಅದೇ ದೇಶವ್ಯಾಪಿಯಾಗಿ ಬೆಳೆದು ‘ಎಪಿಟಿಎನ್’ ಎಂಬ ಹೆಸರು ಪಡೆಯಿತು.

ಗೆಳೆಯರೇ, ಈಗ ನಮ್ಮ ವಿಷಯಕ್ಕೆ ಬರೋಣ. ಕನ್ನಡದ ಚಾನೆಲ್‌ಗಳು ಇಲ್ಲಿ ನಮ್ಮ ಫೋನಿನಲ್ಲೇ ಸಿಗುತ್ತವೆ. ಆದರೆ ಇಲ್ಲೇ ಹುಟ್ಟಿದ ಕನ್ನಡದ ಮಗು ನೋಡುವ ಹಿಮ, ಅದರ ಶಾಲೆ, ಅದರ ಬೀದಿ ಅವುಗಳಲ್ಲಿ ಕಾಣುವುದಿಲ್ಲ. ಅದನ್ನು ಕನ್ನಡದಲ್ಲಿ ತೋರಿಸುವವರು ಯಾರು? ಒಂದು ಫೋನ್, ಐದು ನಿಮಿಷದ ವಿಡಿಯೊ ಸಾಕು. ಈ ವರ್ಷ ನಾವೇ ಯಾಕೆ ಶುರು ಮಾಡಬಾರದು?